ಆಫ್ರಿಕಾದ ಸಫಾರಿ

ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಹುಲ್ಲುಬಯಲು, ಕುರುಚಲು ಕಾಡು, ಜೌಗುನೆಲಗಳಲ್ಲಿ ಕಾಡುಪ್ರಾಣಿಗಳನ್ನು ನೋಡಲೆಂದೇ ಕೈಗೊಳ್ಳುವ ಪ್ರವಾಸ. ಹೆಚ್ಚಾಗಿ ಜೀಪಿನಲ್ಲಿ, ಕೆಲವೆಡೆ ಕಾಲ್ನಡಿಗೆಯಲ್ಲಿ, ದೋಣಿಯಲ್ಲಿ ಅಥವಾ ಬಲೂನಿನಲ್ಲಿ ನಡೆಯುತ್ತದೆ. ಕೆನ್ಯಾ, ತಾಂಜಾನಿಯಾ, ಉಗಾಂಡಾ, ರುವಾಂಡಾ, ಜಾಂಬಿಯಾ, ಜಿಂಬಾಬ್ವೆ, ಬೋಟ್ಸ್ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾ ಇದಕ್ಕೆ ಹೆಸರಾದ ದೇಶಗಳು. ಆನೆ, ಖಡ್ಗಮೃಗ, ನೀರಾನೆ, ಜಿರಾಫೆ, ಸಿಂಹಗಳಂಥ ದೊಡ್ಡ ಪ್ರಾಣಿಗಳು ಇಷ್ಟು ಬಗೆಯಲ್ಲಿ, ಇಷ್ಟು ಸಂಖ್ಯೆಯಲ್ಲಿ, ಹಾಡಹಗಲೇ ಬಯಲಲ್ಲಿ ಕಾಣಸಿಗುವ ಸೀಮೆ ಬೇರೆಲ್ಲೂ ಉಳಿದಿಲ್ಲ.

ಬಂಡೀಪುರಕ್ಕೋ ಕಬಿನಿಗೋ ಹೋಗಿ ಬಂದವರ ಕಣ್ಣು ಲಂಟಾನದ ಸಂದಿಯಲ್ಲಿ ಹುಲಿಯ ಒಂದು ಪಟ್ಟೆಯನ್ನು ಹುಡುಕಿ ಪಳಗಿರುತ್ತದೆ. ತಾಂಜಾನಿಯಾದ ಸೆರೆಂಗೆಟಿ ಬಯಲಲ್ಲಿ ಆ ಕಣ್ಣಿಗೆ ಅಷ್ಟಾಗಿ ಕೆಲಸವಿಲ್ಲ. ದಿಗಂತದವರೆಗೆ ಮರವೇ ಇಲ್ಲದ ಹುಲ್ಲು, ಅದರ ಮೇಲೆ ಸಾವಿರಾರು ಗೊರಸಿನ ಪ್ರಾಣಿಗಳು, ಅವುಗಳ ನಡುವೆಯೇ ಅಡ್ಡಾಡುವ ಕತ್ತೆಕಿರುಬ. ಈ ಬಯಲು ಬಯಲಾಗಿಯೇ ಏಕೆ ಉಳಿಯಿತು, ಪ್ರಾಣಿಗಳು ಅಲ್ಲೇ ಏಕೆ ಉಳಿದವು, ಹತ್ತು ಮಾರು ದೂರದಲ್ಲಿ ಜೀಪು ನಿಂತರೂ ಅವು ಏಕೆ ಓಡುವುದಿಲ್ಲ ಎಂದು ಕೇಳುತ್ತ ಹೋದರೆ, ಜಾಹೀರಾತುಗಳು ಹೇಳುವ ‘ಮನುಷ್ಯ ಮುಟ್ಟದ ಕಾಡು’ ಎಂಬ ಮಾತು ನಿಲ್ಲುವುದಿಲ್ಲ. ಸಫಾರಿಯಲ್ಲಿ ಕಾಣುವುದರ ಹಿಂದೆ ಮಳೆ, ಮಣ್ಣಿನ ಜೊತೆಗೆ ಬಂದೂಕು, ದನದ ರೋಗ, ಸರ್ಕಾರಿ ಆದೇಶಗಳೂ ಇವೆ.

ಬಂದೂಕಿನ ಕಾಲ

1896ರಲ್ಲಿ ಬ್ರಿಟಿಷರು ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಹಾದಿ ಹಾಕಲು ಶುರುಮಾಡಿದರು. ನೆಲ ಅಗೆದು ಹಳಿ ಜೋಡಿಸಿದವರು ಭಾರತದಿಂದ, ಬಹುಪಾಲು ಪಂಜಾಬಿನಿಂದ, ಕರಾರಿನ ಮೇಲೆ ಹೋದ ಸುಮಾರು 32,000 ಕೂಲಿಗಳು. 1898ರಲ್ಲಿ ತ್ಸಾವೊ ನದಿಗೆ ಸೇತುವೆ ಕಟ್ಟುತ್ತಿದ್ದಾಗ ಕೇಸರವಿಲ್ಲದ ಎರಡು ಗಂಡುಸಿಂಹಗಳು ತಿಂಗಳುಗಟ್ಟಲೆ ರಾತ್ರಿ ಡೇರೆಗಳಿಗೆ ನುಗ್ಗಿ ಕೂಲಿಗಳನ್ನು ಎಳೆದೊಯ್ದವು. ಜನ ಕೆಲಸ ಬಿಟ್ಟು ಓಡಿದರು. ಸೇತುವೆಯ ಹೊಣೆ ಹೊತ್ತಿದ್ದ ಜಾನ್ ಹೆನ್ರಿ ಪ್ಯಾಟರ್ಸನ್ ಆ ಡಿಸೆಂಬರಿನಲ್ಲಿ ಎರಡನ್ನೂ ಹೊಡೆದುರುಳಿಸಿದ. ಸತ್ತವರು 135 ಮಂದಿ ಎಂದು ಅವನು ಮುಂದೆ ಹೇಳಿಕೊಂಡ. ರೈಲ್ವೆಯ ಲೆಕ್ಕದಲ್ಲಿ ಭಾರತೀಯ ಕೂಲಿಗಳು 28. ಚಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿರುವ ಆ ಸಿಂಹಗಳ ಕೂದಲು, ಮೂಳೆಗಳನ್ನು ಪರೀಕ್ಷಿಸಿ 2009ರಲ್ಲಿ ವಿಜ್ಞಾನಿಗಳು ಕೊಟ್ಟ ಅಂದಾಜು ಸುಮಾರು 35. ಪ್ಯಾಟರ್ಸನ್ನನ ಪುಸ್ತಕವೂ ಅದನ್ನು ಆಧರಿಸಿದ ಚಲನಚಿತ್ರಗಳೂ ಲೋಕಪ್ರಸಿದ್ಧವಾದವು. ಸತ್ತ ಕೂಲಿಗಳ ಹೆಸರು ಕೇಳಿದವರು ಕಡಿಮೆ.

ಅದೇ ರೈಲಿನಲ್ಲಿ ಬೇಟೆಗಾರರು ಬಂದರು. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಮೊಂಬಾಸಾಕ್ಕೆ ಬಂದಿಳಿದು, ಎಂಜಿನ್ನಿನ ಮುಂಭಾಗಕ್ಕೆ ಕೂಡಿಸಿದ್ದ ಆಸನದಲ್ಲಿ ಕುಳಿತು ಎರಡೂ ಬದಿಯ ಮೃಗಗಳನ್ನು ನೋಡುತ್ತ ಒಳನಾಡಿಗೆ ಹೋದ. ಮುಂದಿನ ಸುಮಾರು ಹನ್ನೊಂದು ತಿಂಗಳಲ್ಲಿ ಅವನೂ ಮಗ ಕರ್ಮಿಟನೂ ಸೇರಿ 512 ಪ್ರಾಣಿಗಳನ್ನು ಕೊಂದರು. ತೊಗಲು, ಮೂಳೆಗಳು ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಹೋದವು. ನೂರಾರು ಹೊರೆಯಾಳುಗಳು, ಡೇರೆಗಳು, ಬೆಂಕಿಯ ಸುತ್ತ ಸಂಜೆಯ ಪಾನೀಯ, ಹೆಸರಾಂತ ಬಿಳಿಯ ಬೇಟೆಗಾರನ ಮುಂದಾಳುತನ: ಇಂದಿನ ದುಬಾರಿ ಬಿಡಾರಗಳು ಹೊರೆಯಾಳನ್ನೂ ಬಂದೂಕನ್ನೂ ಬಿಟ್ಟು ಉಳಿದೆಲ್ಲವನ್ನೂ ಹಾಗೆಯೇ ಇಟ್ಟುಕೊಂಡಿವೆ.

‘ಬಿಗ್ ಫೈವ್’ ಎಂಬ ಪಟ್ಟಿಯೂ ಆ ಕಾಲದ್ದೇ. ಆನೆ, ಖಡ್ಗಮೃಗ, ಕಾಡೆಮ್ಮೆ, ಸಿಂಹ, ಚಿರತೆ ಈ ಐದು ನಡೆದು ಹೋಗಿ ಬೇಟೆಯಾಡುವವನಿಗೆ ಅತಿ ಅಪಾಯದವು ಎಂಬ ಕಾರಣಕ್ಕೆ ಒಂದು ಗುಂಪಾದವು. ಗಾತ್ರಕ್ಕೂ ಅಂದಕ್ಕೂ ಈ ಆಯ್ಕೆಗೂ ಸಂಬಂಧವಿಲ್ಲ. ಹಾಗಾಗಿಯೇ ಜಿರಾಫೆ, ನೀರಾನೆಗಳು ಪಟ್ಟಿಯಲ್ಲಿಲ್ಲ, ಚಿರತೆ ಇದೆ. ಇಂದಿಗೂ ಪ್ರವಾಸಿಗರು ಈ ಐದಕ್ಕೆ ಒಂದೊಂದಾಗಿ ಗುರುತು ಹಾಕಿಕೊಳ್ಳುತ್ತ, ದಾರಿಯಲ್ಲಿ ಕಂಡ ಉಳಿದೆಲ್ಲವನ್ನೂ ದಾಟಿ ಓಡುತ್ತಾರೆ. ಬೇಟೆಗಾರನ ಪಟ್ಟಿಯನ್ನು ಕ್ಯಾಮೆರಾ ಹಿಡಿದವರು ಇಷ್ಟು ನಿಷ್ಠೆಯಿಂದ ಪಾಲಿಸುವುದು ಸ್ವಲ್ಪ ವಿಚಿತ್ರವೇ.

ಬೇಟೆಗೆ ಪ್ರಾಣಿ ಕಡಿಮೆಯಾದಂತೆ ಕಾದಿಟ್ಟ ಪ್ರದೇಶಗಳು ಹುಟ್ಟಿದವು. ದಕ್ಷಿಣ ಆಫ್ರಿಕಾದಲ್ಲಿ 1898ರಲ್ಲಿ ಘೋಷಿತವಾದ ಸಾಬಿ ರಕ್ಷಿತ ಪ್ರದೇಶ 1926ರಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷವೇ ಮೊದಲ ಪ್ರವಾಸಿ ಕಾರುಗಳು ಒಳಬಂದವು. ಬೆಲ್ಜಿಯನ್ ಕಾಂಗೋದಲ್ಲಿ 1925ರಲ್ಲೇ ಇಂದಿನ ವಿರುಂಗಾ ಉದ್ಯಾನ ಆಗಿತ್ತು. ಕೆನ್ಯಾದಲ್ಲಿ 1946ರಲ್ಲಿ ನೈರೋಬಿ, 1948ರಲ್ಲಿ ತ್ಸಾವೊ, ಅಂದಿನ ಟಾಂಗನ್ಯಿಕಾದಲ್ಲಿ 1951ರಲ್ಲಿ ಸೆರೆಂಗೆಟಿ ಉದ್ಯಾನಗಳಾದವು. ಕೆನ್ಯಾ 1977ರಲ್ಲಿ ಮೋಜಿನ ಬೇಟೆಯನ್ನು ಪೂರ್ತಿ ನಿಲ್ಲಿಸಿತು. ತಾಂಜಾನಿಯಾದಲ್ಲಿ ಪರವಾನಗಿ ಪಡೆದ ಬೇಟೆ ಈಗಲೂ ಇದೆ. ಬೋಟ್ಸ್ವಾನಾ 2014ರಲ್ಲಿ ನಿಷೇಧ ಹೇರಿ 2019ರಲ್ಲಿ ಹಿಂತೆಗೆದುಕೊಂಡಿತು.

ಬಯಲು ಬಯಲಾಗಿ ಉಳಿದದ್ದು

ಸೆರೆಂಗೆಟಿಯ ದಕ್ಷಿಣದ ನೆಲ ಜ್ವಾಲಾಮುಖಿಗಳು ಉಗುಳಿದ ಬೂದಿಯಿಂದ ಆದದ್ದು. ಬೂದಿಯ ಖನಿಜ ಮಳೆಯಲ್ಲಿ ಕರಗಿ ಕೆಳಗಿಳಿದು ಗಟ್ಟಿ ಪದರವಾಗಿ ಕೂತಿದೆ. ಮರದ ಬೇರು ಅದನ್ನು ಭೇದಿಸಲಾರದು. ಹುಲ್ಲಿನ ಬೇರಿಗೆ ಮೇಲಿನ ಮಣ್ಣೇ ಸಾಕು. ಆ ಗಿಡ್ಡ ಹುಲ್ಲಿನಲ್ಲಿ ಸುಣ್ಣ, ರಂಜಕಗಳು ಧಾರಾಳವಾಗಿರುವುದರಿಂದ ಹಾಲೂಡುವ ತಾಯಿಮೃಗಗಳಿಗೆ ಅದು ಪಥ್ಯದಂಥ ಮೇವು. ಆದರೆ ಮಳೆ ನಿಂತ ಕೆಲವು ವಾರಗಳಲ್ಲಿ ನೀರು ಬತ್ತುತ್ತದೆ. ಉತ್ತರಕ್ಕೆ, ಮಾರಾ ನದಿಯ ಕಡೆಗೆ ಹೋದಷ್ಟೂ ಮಳೆ ಹೆಚ್ಚು, ಹುಲ್ಲು ಎತ್ತರ, ಸತ್ವ ಕಡಿಮೆ. ರುಚಿಯ ಹುಲ್ಲು ಒಂದು ಕಡೆ, ವರ್ಷವಿಡೀ ನೀರು ಇನ್ನೊಂದು ಕಡೆ. ಇಲ್ಲಿನ ಪ್ರಾಣಿಗಳ ಮಹಾವಲಸೆಗೆ ಕಾರಣ ಇಷ್ಟೇ.

ಇನ್ನು ರೋಗದ ಕಥೆ. ನಮ್ಮ ರೈತರು ದೊಡ್ಡರೋಗ ಎಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್ 1880ರ ದಶಕದ ಕೊನೆಯಲ್ಲಿ ಈಶಾನ್ಯ ಆಫ್ರಿಕಾದ ಮೂಲಕ ಖಂಡದೊಳಗೆ ಕಾಲಿಟ್ಟಿತು. ಇಟಲಿಯ ಸೇನೆಗೆಂದು ಹೊರಗಿನಿಂದ ತಂದ ದನಗಳ ಜೊತೆ ಬಂತೆಂದು ಬಹುಮಂದಿ ಹೇಳುತ್ತಾರೆ. ಹತ್ತು ವರ್ಷದೊಳಗೆ ಅದು ದಕ್ಷಿಣದ ತುದಿಯವರೆಗೂ ಹರಡಿತು. ದನವನ್ನೇ ನಂಬಿದ ಮಾಸಾಯಿಗಳ ಹಟ್ಟಿಗಳು ಬರಿದಾದವು, ಹಿಂದೆಯೇ ಸಿಡುಬು, ಕ್ಷಾಮ ಬಂದವು. ಕಾಡೆಮ್ಮೆ, ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳೂ ರಾಶಿರಾಶಿಯಾಗಿ ಸತ್ತವು. ಮೇಯುವ ದನ, ಕಡಿಯುವ ಜನ ಇಲ್ಲದ ಕಡೆ ಪೊದೆ ಬೆಳೆಯಿತು, ಪೊದೆಯಲ್ಲಿ ತ್ಸೆತ್ಸೆ ನೊಣ ಸೇರಿಕೊಂಡಿತು. ಈ ನೊಣ ಹೊತ್ತು ತರುವ ಪರಜೀವಿ ದನಕ್ಕೆ ಮಾರಕ, ಮನುಷ್ಯನಿಗೆ ನಿದ್ರಾರೋಗ. ಕಾಡುಪ್ರಾಣಿಗಳು ಮಾತ್ರ ಅದನ್ನು ಮೈಯಲ್ಲಿಟ್ಟುಕೊಂಡೇ ಬದುಕಬಲ್ಲವು. ಹಾಗೆ ದನವೂ ಜನವೂ ಮರಳಲಾಗದ ನೆಲಗಳನ್ನು ಕಂಡು ಯುರೋಪಿಯನ್ನರು ಇವು ಹಿಂದಿನಿಂದಲೂ ನಿರ್ಜನ ಎಂದುಕೊಂಡರು. ನಂತರ ಬಂದ ಎಷ್ಟೋ ಉದ್ಯಾನಗಳ ಗಡಿರೇಖೆಯಲ್ಲಿ ಈ ನೊಣದ ಪಾಲಿದೆ.

1950ರ ದಶಕದಿಂದ ಸುತ್ತಲ ದನಗಳಿಗೆ ಲಸಿಕೆ ಹಾಕುತ್ತ ಬಂದಂತೆ, 1963ರ ಹೊತ್ತಿಗೆ ಸೆರೆಂಗೆಟಿಯ ವೈಲ್ಡ್‌ಬೀಸ್ಟ್‌ಗಳಲ್ಲಿ ರೋಗ ಮಾಯವಾಯಿತು. ಕಾಡುಪ್ರಾಣಿಗಳಿಗೆ ಒಂದು ಸೂಜಿಯನ್ನೂ ಚುಚ್ಚಿರಲಿಲ್ಲ. ಆಗ ಎರಡೂವರೆ ಲಕ್ಷದಷ್ಟಿದ್ದ ಅವು 1970ರ ದಶಕದ ಕೊನೆಗೆ 13 ಲಕ್ಷ ದಾಟಿದವು. ಅಷ್ಟು ಬಾಯಿ ಮೇದಾಗ ಬೇಸಗೆಯಲ್ಲಿ ಉರಿಯಲು ಒಣಹುಲ್ಲು ಉಳಿಯಲಿಲ್ಲ, ಕಾಳ್ಗಿಚ್ಚು ಇಳಿಯಿತು, ಕಿಚ್ಚು ಇಳಿದ ಕಡೆ ಎಳೆಯ ಜಾಲಿಗಳು ಮರವಾದವು. ಮೇವು ಹೆಚ್ಚಿ ಜಿರಾಫೆಗೆ ಅನುಕೂಲ, ಬೇಟೆ ಹೆಚ್ಚಿ ಸಿಂಹಕ್ಕೆ ಅನುಕೂಲ. ಇಂದು ಛಾಯಾಚಿತ್ರಗಳಲ್ಲಿ ಕಾಣುವ ‘ಅನಾದಿ’ ದೃಶ್ಯಕ್ಕೆ ಅರವತ್ತು ವರ್ಷದ ಆಚೀಚೆ ವಯಸ್ಸು. ಆ ರೋಗವೇ ಭೂಮಿಯಿಂದ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಸಿಡುಬಿನ ನಂತರ ಹೀಗೆ ಅಳಿದ ಎರಡನೆಯ ರೋಗ ಅದು.

ಮಹಾವಲಸೆ

ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್, ಎರಡು ಲಕ್ಷಕ್ಕೂ ಮೀರಿದ ಜೀಬ್ರಾ, ಲಕ್ಷಗಟ್ಟಲೆ ಗೆಜೆಲ್‌ಗಳು ವರ್ಷವಿಡೀ ಸೆರೆಂಗೆಟಿ ಮತ್ತು ಕೆನ್ಯಾದ ಮಾಸಾಯಿ ಮಾರಾಗಳ ನಡುವೆ ಸುತ್ತು ಹಾಕುತ್ತವೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ದಕ್ಷಿಣದ ಗಿಡ್ಡ ಹುಲ್ಲಿನಲ್ಲಿ. ಮೇ, ಜೂನ್‌ಗಳಲ್ಲಿ ಪಶ್ಚಿಮಕ್ಕೆ. ಜುಲೈನಿಂದ ಅಕ್ಟೋಬರ್‌ವರೆಗೆ ಉತ್ತರದ ಮಾರಾ ನದಿಯ ಎರಡೂ ದಡಗಳಲ್ಲಿ. ನವೆಂಬರಿನ ಮಳೆಗೆ ಮತ್ತೆ ಕೆಳಕ್ಕೆ. ಈ ತಿಂಗಳ ಲೆಕ್ಕ ಅಂದಾಜಿನದು. ಮಳೆ ಬಿದ್ದ ಕಡೆ ಹಿಂಡು ಹೋಗುತ್ತದೆ, ಪ್ರವಾಸ ಕಂಪನಿಯ ಕ್ಯಾಲೆಂಡರು ನೋಡಿ ಹೋಗುವುದಿಲ್ಲ.

ಫೆಬ್ರುವರಿಯ ಆಸುಪಾಸಿನ ಎರಡು ಮೂರು ವಾರಗಳಲ್ಲಿ ಬಹುಪಾಲು ತಾಯಂದಿರು ಒಟ್ಟಿಗೆ ಕರು ಹಾಕುತ್ತವೆ. ನೆಲಕ್ಕೆ ಬಿದ್ದ ಕರು ಮುಂಗಾಲು ಊರಿ ಏಳಲು ನೋಡುತ್ತದೆ, ಮುಗ್ಗರಿಸುತ್ತದೆ, ಮತ್ತೆ ಏಳುತ್ತದೆ. ಕೆಲವೇ ನಿಮಿಷಗಳಲ್ಲಿ ತಾಯಿಯ ಪಕ್ಕ ಓಡತೊಡಗುತ್ತದೆ. ಕತ್ತೆಕಿರುಬ, ಸಿಂಹ, ಚೀತಾಗಳು ಎಷ್ಟೇ ತಿಂದರೂ ಒಂದೇ ಸಲಕ್ಕೆ ಹುಟ್ಟಿದ ಲಕ್ಷಾಂತರ ಕರುಗಳನ್ನು ಮುಗಿಸಲಾರವು. ಬಿಡಿಯಾಗಿ, ತಡವಾಗಿ ಹುಟ್ಟಿದ ಕರುವಿಗೆ ಆ ರಕ್ಷಣೆ ಇಲ್ಲ.

ಪ್ರವಾಸಿಗರು ಹೆಚ್ಚಾಗಿ ಮುಗಿಬೀಳುವುದು ಮಾರಾ ನದಿ ದಾಟುವ ನೋಟಕ್ಕೆ. ಟಿವಿಯಲ್ಲಿ ಅದು ಎರಡು ನಿಮಿಷದ ರೋಮಾಂಚನ. ದಡದಲ್ಲಿ ಅದರ ಬಹುಭಾಗ ಕಾಯುವ ಕೆಲಸ. ಹಿಂಡು ಅಂಚಿಗೆ ಬಂದು ನಿಲ್ಲುತ್ತದೆ, ಹಿಂದಿನವು ನೂಕುತ್ತವೆ, ಧೂಳೇಳುತ್ತದೆ. ಒಂದು ಜೀಬ್ರಾ ಇಳಿದು ನೀರಿಗೆ ಮೂತಿ ತಾಗಿಸಿ ಸರಕ್ಕನೆ ಹಿಂದಕ್ಕೆ ಹಾರುತ್ತದೆ, ಇಡೀ ಹಿಂಡು ತಿರುಗಿ ಓಡಿ ಹೋಗುತ್ತದೆ. ಗಂಟೆಗಳ ನಂತರ ಮತ್ತೆ ಬಂದು ನಿಲ್ಲುತ್ತದೆ. ಮೊದಲನೆಯದು ಹಾರಿದ ಮೇಲೆ ತಡೆಯುವವರಿಲ್ಲ: ಕಡಿದಾದ ದಂಡೆಯಿಂದ ಒಂದರ ಮೇಲೊಂದು ಉರುಳುತ್ತ, ಮೂಗಿನಲ್ಲಿ ಹೂಂಕರಿಸುತ್ತ, ಎದುರು ದಡದ ಕೆಸರಿನಲ್ಲಿ ಕಾಲು ಕೀಳಲು ಹೆಣಗುತ್ತವೆ. ಮೊಸಳೆಗೆ ಸಿಕ್ಕುವವು ಕೆಲವು. ಸೆಳವಿಗೆ, ತುಳಿತಕ್ಕೆ ಸಿಕ್ಕಿ ಮುಳುಗುವವೇ ಬಹಳ. ವರ್ಷಕ್ಕೆ ಸರಾಸರಿ 6,250 ವೈಲ್ಡ್‌ಬೀಸ್ಟ್‌ಗಳು ಈ ನದಿಯಲ್ಲಿ ಮುಳುಗಿ ಸಾಯುತ್ತವೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕಹಾಕಿತು. ಮಾಂಸ ರಣಹದ್ದು, ಮರಬೂ ಕೊಕ್ಕರೆ, ಮೀನುಗಳಿಗೆ ಕೆಲವೇ ವಾರಗಳ ಊಟ. ತಳದಲ್ಲಿ ಉಳಿದ ಮೂಳೆಗಳು ಮಾತ್ರ ವರ್ಷಗಟ್ಟಲೆ ನಿಧಾನವಾಗಿ ರಂಜಕವನ್ನು ನೀರಿಗೆ ಬಿಡುತ್ತ ಹೋಗುತ್ತವೆ.

ಪ್ರಾಣಿಗಳು

ಆನೆ. ಆಫ್ರಿಕಾದ ಬಯಲಾನೆ ನಮ್ಮ ಆನೆಗಿಂತ ದೊಡ್ಡದು. ಪೂರ್ಣ ಬೆಳೆದ ಗಂಡು ಆರು ಟನ್ ತೂಗಬಲ್ಲದು. ಕಿವಿ ಅಗಲ, ಬೆನ್ನು ನಡುವೆ ತಗ್ಗು, ಹೆಣ್ಣಿಗೂ ದಂತ. 2016ರ ವರದಿಯ ಪ್ರಕಾರ ಇಡೀ ಖಂಡದಲ್ಲಿ ಸುಮಾರು 4,15,000 ಆನೆಗಳಿದ್ದವು. ಬೋಟ್ಸ್ವಾನಾ ಒಂದರಲ್ಲೇ ಸುಮಾರು 1,30,000. (2023ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,395.) ಕೆನ್ಯಾದ ಅಂಬೊಸೆಲಿಯಲ್ಲಿ ಸಿಂಥಿಯಾ ಮಾಸ್ 1972ರಲ್ಲಿ ಶುರುಮಾಡಿದ ಅಧ್ಯಯನದಲ್ಲಿ ಆನೆಗಳನ್ನು ಕಿವಿಯ ಹರಕು, ದಂತದ ಆಕಾರ ನೋಡಿ ಒಂದೊಂದಾಗಿ ಗುರುತಿಸಿ ತಲೆಮಾರುಗಳ ವಂಶಾವಳಿ ಬರೆದಿಡಲಾಗಿದೆ. ಹಿರಿಯ ಹೆಣ್ಣಾನೆಯ ನೆನಪಿನ ಬಲದಲ್ಲಿ ಬರಗಾಲದಲ್ಲೂ ಹಿಂಡು ನೀರು ಹುಡುಕಿಕೊಳ್ಳುವುದು ಇಂಥ ದೀರ್ಘ ದಾಖಲೆಗಳಿಂದಲೇ ತಿಳಿದದ್ದು.

ಇಲ್ಲೊಂದು ಸಂಗತಿ ಹೇಳಲೇಬೇಕು. ಗಂಡಾನೆಗೆ ಮದ ಬರುವುದು ನಮ್ಮ ಮಾವುತರಿಗೂ ಕವಿಗಳಿಗೂ ಎಂದಿನಿಂದಲೋ ಗೊತ್ತಿದ್ದ ವಿಷಯ. ಆಫ್ರಿಕಾದ ಆನೆಗೆ ಮದವೇ ಇಲ್ಲ ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು, ಏಕೆಂದರೆ ಅಲ್ಲಿ ಹೆಣ್ಣಾನೆಗಳ ಕಪೋಲದಲ್ಲೂ ಉದ್ವೇಗದ ಹೊತ್ತಿನಲ್ಲಿ ರಸ ಒಸರುತ್ತದೆ. ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ 1981ರಲ್ಲಷ್ಟೇ ಅಲ್ಲಿಯೂ ಗಂಡಿಗೆ ಮದ ಬರುತ್ತದೆಂದು ತೋರಿಸಿದರು. ಕಪೋಲದಿಂದ ಇಳಿದ ಕಪ್ಪು ಗೆರೆ, ತೊಟ್ಟಿಕ್ಕುವ ಮೂತ್ರ, ಎತ್ತಿದ ತಲೆ ಕಂಡರೆ ಅನುಭವಿ ಚಾಲಕ ಫೋಟೊಗೆ ನಿಲ್ಲದೆ ಗಾಡಿ ಹಿಂದಕ್ಕೆ ತೆಗೆಯುತ್ತಾನೆ.

ಖಡ್ಗಮೃಗ. ಆಫ್ರಿಕಾದಲ್ಲಿ ಎರಡು ಜಾತಿ, ಎರಡಕ್ಕೂ ಎರಡೆರಡು ಕೊಂಬು, ಬಣ್ಣವೂ ಒಂದೇ ಬೂದಿ. ಅಗಲ ಚೌಕ ತುಟಿಯ ಬಿಳಿ ಖಡ್ಗಮೃಗ ತಲೆ ತಗ್ಗಿಸಿ ಹುಲ್ಲು ಮೇಯುತ್ತದೆ. ಚೂಪು ತುಟಿಯ ಕಪ್ಪು ಖಡ್ಗಮೃಗ ಪೊದೆಯ ಚಿಗುರು ಕೀಳುತ್ತದೆ, ಸಿಡುಕಿನ ಸ್ವಭಾವದ್ದು. ದಕ್ಷಿಣದ ಬಿಳಿ ಖಡ್ಗಮೃಗ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ನೂರಕ್ಕೂ ಕಡಿಮೆ ಉಳಿದು, ದಕ್ಷಿಣ ಆಫ್ರಿಕಾದ ಒಂದು ಮೂಲೆಯಲ್ಲಿ ಕಾಪಾಡಲ್ಪಟ್ಟು, 1960ರ ದಶಕದಲ್ಲಿ ಇಯಾನ್ ಪ್ಲೇಯರ್ ಮುಂದಾಳುತನದಲ್ಲಿ ಅರಿವಳಿಕೆ ಕೊಟ್ಟು ಬೇರೆ ಬೇರೆ ಕಾಡುಗಳಿಗೆ ಸಾಗಿಸಿದ್ದರಿಂದ ಚೇತರಿಸಿಕೊಂಡಿತು. ಉತ್ತರದ ತಳಿಗೆ ಆ ಭಾಗ್ಯವಿಲ್ಲ: ಕೊನೆಯ ಗಂಡು ‘ಸುಡಾನ್’ 2018ರ ಮಾರ್ಚಿನಲ್ಲಿ ಕೆನ್ಯಾದ ಓಲ್ ಪೆಜೆಟಾದಲ್ಲಿ ಸತ್ತಿತು, ನಾಜಿನ್ ಮತ್ತು ಫಾತು ಎಂಬ ತಾಯಿ-ಮಗಳು ಉಳಿದಿವೆ. ಕಪ್ಪು ಖಡ್ಗಮೃಗ 1970ರ ಸುಮಾರು 65,000ದಿಂದ 1990ರ ದಶಕದ ನಡುವೆ 2,500ಕ್ಕಿಂತ ಕೆಳಗೆ ಕುಸಿಯಿತು. ಕಾರಣ ಕೊಂಬು, ಏಷ್ಯಾದ ಔಷಧಿ ಅಂಗಡಿ, ಯೆಮನ್ನಿನ ಬಾಕಿನ ಹಿಡಿ. ಈಗ ಮತ್ತೆ ಆರು ಸಾವಿರ ದಾಟಿದೆ. ಕಳ್ಳಬೇಟೆಗಾರರಿಗೆ ಆಸೆ ಹುಟ್ಟದಿರಲಿ ಎಂದು ಅನೇಕ ಕಡೆ ಕೊಂಬನ್ನೇ ಕತ್ತರಿಸಿಬಿಡುತ್ತಾರೆ. ಕೊಂಬು ನಮ್ಮ ಉಗುರಿನಂಥ ವಸ್ತು, ಮತ್ತೆ ಬೆಳೆಯುತ್ತದೆ.

ಸಿಂಹ. ಖಂಡದಲ್ಲಿ ಇಪ್ಪತ್ತು ಸಾವಿರದ ಮೇಲೆ ಕೆಲವು ಸಾವಿರ ಉಳಿದಿವೆ ಎಂಬ ಅಂದಾಜು. ದಿನದಲ್ಲಿ ಹದಿನೆಂಟು ಇಪ್ಪತ್ತು ಗಂಟೆ ಬಿದ್ದುಕೊಂಡಿರುವ ಪ್ರಾಣಿಯಾದ್ದರಿಂದ ಪ್ರವಾಸಿಗೆ ಸಿಗುವುದು ಸಾಮಾನ್ಯವಾಗಿ ಮಲಗಿದ ಸಿಂಹ. ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ ಮೊದಲು ಮಧ್ಯಪ್ರದೇಶದ ಕಾನ್ಹಾದಲ್ಲಿ ಹುಲಿಯನ್ನು, ನಂತರ 1966ರಿಂದ ಮೂರು ವರ್ಷ ಸೆರೆಂಗೆಟಿಯಲ್ಲಿ ಸಿಂಹವನ್ನು ಅಭ್ಯಾಸ ಮಾಡಿದರು. ಸಿಂಹದ ಬೇಟೆ ಗೆಲ್ಲುವುದಕ್ಕಿಂತ ತಪ್ಪುವುದೇ ಹೆಚ್ಚು, ಜೊತೆಗೂಡಿದಾಗ ಗೆಲುವು ಹೆಚ್ಚು ಎಂದು ಎಣಿಸಿ ತೋರಿಸಿದವರು ಅವರು. ಅದೇ ಕಾಲದಲ್ಲಿ ಹಾನ್ಸ್ ಕ್ರೂಕ್ ಪಕ್ಕದ ನ್ಗೊರೊಂಗೊರೊದಲ್ಲಿ ಕತ್ತೆಕಿರುಬಗಳ ಹಿಂದೆ ರಾತ್ರಿಯೆಲ್ಲ ಅಲೆದು, ಎಂಜಲು ತಿನ್ನುವುದೆಂಬ ಅಪಖ್ಯಾತಿ ಹೊತ್ತ ಈ ಪ್ರಾಣಿ ತನ್ನ ಊಟದ ಬಹುಪಾಲನ್ನು ತಾನೇ ಬೇಟೆಯಾಡುತ್ತದೆ, ಎಷ್ಟೋ ಸಲ ಅದನ್ನು ಕಸಿದು ತಿನ್ನುವುದು ಸಿಂಹವೇ ಎಂದು ಕಂಡುಕೊಂಡರು. ಬೆಳಿಗ್ಗೆ ಸತ್ತ ಜೀಬ್ರಾದ ಮೇಲೆ ಸಿಂಹ, ದೂರದಲ್ಲಿ ಕಾದು ಕುಳಿತ ಕತ್ತೆಕಿರುಬಗಳು ಕಂಡರೆ, ಕೊಂದವರು ಯಾರು ಎಂದು ಆ ನೋಟವೊಂದರಿಂದಲೇ ತೀರ್ಮಾನಿಸುವಂತಿಲ್ಲ.

ಕಾಡೆಮ್ಮೆ. ನಮ್ಮ ಕಾಟಿ ಇದಲ್ಲ. ಕಾಟಿ ದನದ ಕುಲ, ಇದು ಬೇರೆಯೇ ಕುಲ. ಗಂಡಿನ ಎರಡು ಕೊಂಬುಗಳ ಬುಡ ಹಣೆಯ ಮೇಲೆ ಕೂಡಿ, ಎಣ್ಣೆ ಹಚ್ಚಿ ಬೈತಲೆ ತೆಗೆದ ಕೂದಲಿನಂತೆ ಕಾಣುತ್ತದೆ. ಹಿಂಡಿನಿಂದ ಬೇರೆಯಾದ ಮುದಿ ಗಂಡುಗಳು ಕೆಸರಿನಲ್ಲಿ ಬಿದ್ದುಕೊಂಡಿರುತ್ತವೆ. ನಡೆದು ಹೋಗುವವರು ಅಂಜುವುದು ಇವಕ್ಕೆ.

ಚಿರತೆ ಐದರಲ್ಲಿ ಎಲ್ಲಕ್ಕಿಂತ ಅಡಗಿ ಬಾಳುವುದು. ಕೊಂದದ್ದನ್ನು ಸಿಂಹ, ಕತ್ತೆಕಿರುಬಗಳಿಗೆ ಎಟುಕದಂತೆ ಮರಕ್ಕೆ ಎಳೆದೊಯ್ಯುವುದರಿಂದ ಹುಡುಕುವವರು ಮೊದಲು ಕೊಂಬೆಯಿಂದ ಜೋತ ಬಾಲವನ್ನೋ ಇಂಪಾಲಾ ಹುಲ್ಲೆಯ ಕಾಲನ್ನೋ ಅರಸುತ್ತಾರೆ. ಚೀತಾ ಹಗಲಲ್ಲಿ ಬೇಟೆಯಾಡುವುದರಿಂದ ಸುಲಭವಾಗಿ ಕಾಣುತ್ತದೆ, ಅದೇ ಅದಕ್ಕೆ ಮುಳುವು: ಮಾಸಾಯಿ ಮಾರಾದಲ್ಲಿ ನಡೆದ ಅಧ್ಯಯನವೊಂದರಲ್ಲಿ ಪ್ರವಾಸಿ ವಾಹನ ಕಡಿಮೆ ಇದ್ದ ಕಡೆ ತಾಯಿಯೊಂದು ಸೂಲಿಗೆ ಸರಾಸರಿ 2.3 ಮರಿ ಸಾಕಿದರೆ, ವಾಹನ ದಟ್ಟವಾದ ಕಡೆ ಬರೀ 0.2. ಭಾರತದಲ್ಲಿ ಅಳಿದುಹೋಗಿದ್ದ ಈ ಪ್ರಾಣಿಯನ್ನು 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಎಂಟು, 2023ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ತಂದು ಮಧ್ಯಪ್ರದೇಶದ ಕೂನೊದಲ್ಲಿ ಬಿಡಲಾಯಿತು.

ನೀರಾನೆ ಹಗಲೆಲ್ಲ ನೀರಲ್ಲಿ ಬಿದ್ದು ರಾತ್ರಿ ಮೇಯಲು ದಡ ಹತ್ತುತ್ತದೆ. ನದಿ ಬದಿಯ ಬಿಡಾರಗಳಲ್ಲಿ ಕತ್ತಲಾದ ಮೇಲೆ ಕಾವಲುಗಾರನಿಲ್ಲದೆ ಡೇರೆಯಿಂದ ಹೊರಬರಬಾರದೆಂಬ ಕಟ್ಟಳೆಗೆ ಮುಖ್ಯ ಕಾರಣ ಇದೇ. ಜಿರಾಫೆಯನ್ನು ನೋಡಬೇಕಾದದ್ದು ಅದು ನೀರು ಕುಡಿಯುವಾಗ. ಐದೂವರೆ ಮೀಟರ್ ಎತ್ತರದ ಪ್ರಾಣಿ ಮುಂಗಾಲುಗಳನ್ನು ಅಗಲಿಸಿ, ಒಂದೆರಡು ಸಲ ಅಂಜಿ ಮೇಲೆದ್ದು, ಕೊನೆಗೆ ತಲೆ ಬಗ್ಗಿಸುತ್ತದೆ.

ಎಲ್ಲಿ, ಯಾವಾಗ

ಸೆರೆಂಗೆಟಿ (14,763 ಚದರ ಕಿ.ಮೀ.) ಮತ್ತು ಮಾಸಾಯಿ ಮಾರಾ (1,510 ಚದರ ಕಿ.ಮೀ.) ಒಂದೇ ಬಯಲಿನ ಎರಡು ತುಂಡು, ನಡುವೆ ದೇಶದ ಗಡಿ. ಪಕ್ಕದ ನ್ಗೊರೊಂಗೊರೊ ಕುಸಿದ ಜ್ವಾಲಾಮುಖಿಯ ಬಾಯಿ: ಸುಮಾರು 600 ಮೀಟರ್ ಆಳ, ತಳದಲ್ಲಿ 260 ಚದರ ಕಿ.ಮೀ. ಹುಲ್ಲು, ಕೆರೆ, ಜಾಲಿಕಾಡು. ಕಪ್ಪು ಖಡ್ಗಮೃಗ ಕಾಣುವ ಭರವಸೆಯ ಜಾಗ; ಕಡಿದಾದ ಗೋಡೆ ಇಳಿಯದ ಜಿರಾಫೆ ಮಾತ್ರ ತಳದಲ್ಲಿಲ್ಲ. ಅಂಬೊಸೆಲಿಯಲ್ಲಿ 5,895 ಮೀಟರ್ ಎತ್ತರದ ಕಿಲಿಮಂಜಾರೊ ಹಿನ್ನೆಲೆಗೆ ಆನೆಗಳು. ಬೆಟ್ಟ ಬೆಳಗ್ಗೆ ತೋರಿ ಬಿಸಿಲೇರುತ್ತಲೇ ಮೋಡದಲ್ಲಿ ಮರೆಯಾಗುವುದು ಸಾಮಾನ್ಯ.

ಕ್ರೂಗರ್‌ನಲ್ಲಿ ಡಾಂಬರು ರಸ್ತೆಗಳಿವೆ, ಬಾಡಿಗೆ ಕಾರು ತಾವೇ ನಡೆಸಿಕೊಂಡು ಹೋಗಬಹುದು, ಖರ್ಚು ಕಡಿಮೆ. ನಮೀಬಿಯಾದ ಎಟೋಶಾದಲ್ಲಿ ಹುಡುಕಿ ಅಲೆಯುವುದಕ್ಕಿಂತ ನೀರಿನ ಗುಂಡಿಯ ಬಳಿ ಕುಳಿತು ಕಾಯುವುದು ಲೇಸು. ಓಕೌಕುಯೊ ಬಿಡಾರದ ಗುಂಡಿಗೆ ರಾತ್ರಿ ದೀಪ ಹಾಕಿರುತ್ತಾರೆ. ಬೋಟ್ಸ್ವಾನಾದ ಒಕಾವಾಂಗೊದಲ್ಲಿ ನದಿ ಕಡಲು ಸೇರದೆ ಮರಳಿನಲ್ಲಿ ಹರಡಿ ಇಂಗುತ್ತದೆ. ಅಂಗೋಲಾದ ಬೆಟ್ಟಗಳ ಮಳೆನೀರು ಇಲ್ಲಿ ತಲುಪುವಾಗ ಸ್ಥಳೀಯವಾಗಿ ಒಣಗಾಲ, ಆದ್ದರಿಂದ ಸುತ್ತಲ ಪ್ರಾಣಿಗಳೆಲ್ಲ ಇಲ್ಲಿಗೇ ಬರುತ್ತವೆ. 2014ರಲ್ಲಿ ಇದು ಯುನೆಸ್ಕೋ ಪಟ್ಟಿಯ ಸಾವಿರನೆಯ ತಾಣವಾಯಿತು. ಕಡಿಮೆ ಜನ, ಹೆಚ್ಚು ದರ ಎಂಬುದು ಆ ದೇಶದ ನೀತಿ. ಕಾಲ್ನಡಿಗೆಯ ಸಫಾರಿಗೆ ಜಾಂಬಿಯಾದ ದಕ್ಷಿಣ ಲುವಾಂಗ್ವಾ ಹೆಸರುವಾಸಿ. ಅದನ್ನು ರೂಢಿಗೆ ತಂದವರು ನಾರ್ಮನ್ ಕಾರ್. ರುವಾಂಡಾ, ಉಗಾಂಡಾಗಳ ಬೆಟ್ಟದ ಗೊರಿಲ್ಲಾ ಬೇರೆಯೇ ಬಗೆಯ ಪಯಣ: ಎಂಟು ಜನರ ತಂಡ, ಒಂದು ಗಂಟೆಯ ದರ್ಶನ, ರುವಾಂಡಾದಲ್ಲಿ ಅದಕ್ಕೆ ತಲಾ 1,500 ಡಾಲರ್.

ಒಣಗಾಲದಲ್ಲಿ, ಸುಮಾರಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ, ಹುಲ್ಲು ಗಿಡ್ಡ, ನೀರು ಕೆಲವೇ ಕಡೆ. ಪ್ರಾಣಿ ಕಾಣುವುದು ಸುಲಭ, ಜನವೂ ಹೆಚ್ಚು. ಏಪ್ರಿಲ್-ಮೇ ತಿಂಗಳ ದೊಡ್ಡ ಮಳೆಯಲ್ಲಿ ಪೂರ್ವ ಆಫ್ರಿಕಾದ ಮಣ್ಣುರಸ್ತೆಗಳು ಹೂತುಹೋಗುತ್ತವೆ, ದರ ಅಗ್ಗ.

ಜೀಪು ಮತ್ತು ನಿಯಮ

ಕೆನ್ಯಾ, ತಾಂಜಾನಿಯಾಗಳಲ್ಲಿ ಚಾವಣಿ ಮೇಲೆತ್ತಬಹುದಾದ ಲ್ಯಾಂಡ್ ಕ್ರೂಸರ್ ಅಥವಾ ವ್ಯಾನು. ದಕ್ಷಿಣದಲ್ಲಿ ಪಕ್ಕ ತೆರೆದ ಜೀಪು. ಹುಟ್ಟಿದಾಗಿನಿಂದ ವಾಹನ ನೋಡಿದ ಸಿಂಹಕ್ಕೆ ಅದು ಹೆದರಿಸದ, ತಿನ್ನಲೂ ಬಾರದ ಒಂದು ದೊಡ್ಡ ವಸ್ತು. ಒಳಗಿನವರು ಎದ್ದುನಿಂತು ಕೈಚಾಚಿದರೆ ಆ ಆಕಾರ ಒಡೆದು ಮನುಷ್ಯ ಕಾಣುತ್ತಾನೆ. ಕುಳಿತಿರಿ, ಸುಮ್ಮನಿರಿ ಎಂದು ಗೈಡು ಪದೇ ಪದೇ ಹೇಳುವುದು ಅದಕ್ಕೆ. ಗೈಡುಗಳು ರೇಡಿಯೊದಲ್ಲಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಾರೆ. ಒಂದು ಚಿರತೆಗೆ ಐದಕ್ಕಿಂತ ಹೆಚ್ಚು ವಾಹನ ನಿಲ್ಲಬಾರದೆಂದು ಮಾರಾದಲ್ಲಿ ನಿಯಮವಿದೆ, ಜುಲೈ-ಆಗಸ್ಟಿನಲ್ಲಿ ಅದರ ಪಾಲನೆ ಅಷ್ಟಕ್ಕಷ್ಟೆ. ದಿನಕ್ಕೊಂದು ಉದ್ಯಾನ ಸುತ್ತಿಸುವ ಪ್ಯಾಕೇಜಿಗಿಂತ ಒಂದೇ ಕಡೆ ಕೆಲವು ದಿನ ತಂಗಿ, ಒಂದು ಹಿಂಡಿನ ಬಳಿ ಎಂಜಿನ್ ಆರಿಸಿ ಕಾಯುವವರಿಗೆ ಮರಿಗಳ ಆಟ, ಹೆಣ್ಣುಗಳ ಜಗಳ, ಬೇಟೆಯ ಸಿದ್ಧತೆ ಎಲ್ಲ ನೋಡಸಿಗುತ್ತವೆ. ತ್ಸೆತ್ಸೆ ಇರುವ ಕಡೆ ಕಡುನೀಲಿ, ಕಪ್ಪು ಬಟ್ಟೆ ತೊಡಬಾರದು. ಆ ಬಣ್ಣಗಳಿಗೆ ನೊಣ ಮುತ್ತುತ್ತದೆ. ನೊಣ ಹಿಡಿಯಲು ಮರಗಳಿಗೆ ಕಟ್ಟುವ ಬಲೆಯ ಬಟ್ಟೆಯೂ ನೀಲಿ-ಕಪ್ಪೇ.

ಜನ ಮತ್ತು ಜಾಗ

ಸೆರೆಂಗೆಟಿಯಲ್ಲಿ ದನ ಮೇಯಿಸಿಕೊಂಡಿದ್ದ ಮಾಸಾಯಿಗಳನ್ನು 1959ರಲ್ಲಿ ಹೊರಕಳಿಸಿ, ಬದಲಿಗೆ ನ್ಗೊರೊಂಗೊರೊ ಸಂರಕ್ಷಣಾ ಪ್ರದೇಶದಲ್ಲಿ ಕಾಡುಪ್ರಾಣಿಗಳ ಜೊತೆ ಬಾಳಬಹುದೆಂದು ಮಾತು ಕೊಡಲಾಯಿತು. ಅದೇ ವರ್ಷ ಜರ್ಮನಿಯ ಬರ್ನ್‌ಹಾರ್ಡ್ ಗ್ರಿಮೆಕ್ ಸೆರೆಂಗೆಟಿಯ ಬಗ್ಗೆ ಮಾಡಿದ ಚಿತ್ರ ಬಿಡುಗಡೆಯಾಗಿ, ಮುಂದೆ ಆಸ್ಕರ್ ಪಡೆಯಿತು. ವಿಮಾನದಿಂದ ಪ್ರಾಣಿ ಎಣಿಸುತ್ತಿದ್ದ ಮಗ ಮೈಕೆಲ್ ಆ ಜನವರಿಯಲ್ಲಿ ರಣಹದ್ದು ಬಡಿದು ವಿಮಾನ ಬಿದ್ದು ತೀರಿಕೊಂಡಿದ್ದ. ತಂದೆ-ಮಗ ಇಬ್ಬರ ಸಮಾಧಿಯೂ ನ್ಗೊರೊಂಗೊರೊದ ಅಂಚಿನಲ್ಲಿದೆ. ಆ ಚಿತ್ರ ಜಗತ್ತಿನ ಕಣ್ಣಿಗೆ ಸೆರೆಂಗೆಟಿಯನ್ನು ತಂದಿತು, ಆದರೆ ಅದರ ನೋಟದಲ್ಲಿ ಮಾಸಾಯಿಗೆ ಜಾಗವಿರಲಿಲ್ಲ. ಈಗ ನ್ಗೊರೊಂಗೊರೊದಿಂದಲೂ ಅವರನ್ನು ದೂರದ ಮ್ಸೊಮೆರಾಕ್ಕೆ ಸಾಗಿಸುವ ಕೆಲಸ 2022ರಿಂದ ನಡೆದಿದೆ. ಸರ್ಕಾರ ಇದು ಸ್ವಇಚ್ಛೆಯದು ಎನ್ನುತ್ತದೆ. ಮಾಸಾಯಿಗಳಲ್ಲಿ ಅನೇಕರು ಒಪ್ಪುವುದಿಲ್ಲ. ನಾಗರಹೊಳೆಯ ಜೇನುಕುರುಬರ ಹಾಡಿಗಳ ಕಥೆ ಬಲ್ಲವರಿಗೆ ಈ ವಾದ-ಪ್ರತಿವಾದ ಹೊಸದೆನಿಸದು.

ಕೆನ್ಯಾದ ಮಾರಾ ಸುತ್ತ ಬೇರೊಂದು ದಾರಿ ಹಿಡಿದಿದ್ದಾರೆ. 2000ರ ದಶಕದ ನಡುವಿನಿಂದ ಮಾಸಾಯಿ ಭೂಮಾಲೀಕರು ತಮ್ಮ ಜಮೀನನ್ನು ಒಟ್ಟುಗೂಡಿಸಿ ಬಿಡಾರಗಳಿಗೆ ಗುತ್ತಿಗೆ ಕೊಡುತ್ತಾರೆ, ತಿಂಗಳ ಬಾಡಿಗೆ ಮನೆಗೆ ಬರುತ್ತದೆ, ಗೊತ್ತಾದ ಕ್ರಮದಲ್ಲಿ ದನವೂ ಮೇಯುತ್ತದೆ. ಬಿಡಾರಗಳ ಸಂಖ್ಯೆಗೆ ಮಿತಿ ಇರುವುದರಿಂದ ವಾಹನ ಕಡಿಮೆ. ಕೊರೊನಾ ಕಾಲದಲ್ಲಿ ಪ್ರವಾಸಿಗರು ನಿಂತು ಬಾಡಿಗೆಗೆ ಕತ್ತರಿ ಬಿದ್ದಾಗ ಈ ವ್ಯವಸ್ಥೆ ಎಷ್ಟು ತೆಳು ನೂಲಿನ ಮೇಲಿದೆ ಎಂಬುದೂ ತಿಳಿಯಿತು.

ಭಾರತದಿಂದ ಹೋಗುವವರು

ಕನ್ನಡಿಗರಲ್ಲಿ ಬಹುಮಂದಿ ಜಿರಾಫೆ, ಜೀಬ್ರಾ, ನೀರಾನೆಗಳನ್ನು ಮೊದಲು ಕಂಡದ್ದು ಮೈಸೂರು ಮೃಗಾಲಯದಲ್ಲಿ. ದ್ವಾರಕೀಶ್ 1986ರ ‘ಆಫ್ರಿಕಾದಲ್ಲಿ ಶೀಲಾ’ ಚಿತ್ರಕ್ಕಾಗಿ ತಂಡ ಕಟ್ಟಿಕೊಂಡು ಆಫ್ರಿಕಾಕ್ಕೇ ಹೋಗಿಬಂದಿದ್ದರು. ಈಗ ಶಾಲೆಯ ರಜೆಯಲ್ಲಿ ಸಂಸಾರ ಸಮೇತ ಹೋಗುವವರೂ ಇದ್ದಾರೆ. ಮುಂಬೈಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಸುಮಾರು ಆರು ಗಂಟೆ. ಗಡಿಯಾರ ಎರಡೂವರೆ ಗಂಟೆ ಹಿಂದಿಡಬೇಕು. ಸಸ್ಯಾಹಾರಿಗಳು ಪೂರ್ವ ಆಫ್ರಿಕಾದಲ್ಲಿ ಪರದಾಡಬೇಕಿಲ್ಲ. ರೈಲ್ವೆ ಕೂಲಿಗಳ, ಗುಜರಾತಿ ವ್ಯಾಪಾರಿಗಳ ಹಿಂದೆ ಹೋದ ಚಪಾತಿ, ಸಮೋಸಾ, ಚಹಾ ಅಲ್ಲಿ ಮನೆಮಾತಾಗಿವೆ. ಮಾರಾದ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ 2024ರಿಂದ ವರ್ಷದ ಮೊದಲರ್ಧದಲ್ಲಿ ದಿನಕ್ಕೆ 100 ಡಾಲರ್, ಜುಲೈ ನಂತರ 200. ಬೆಳಕು ಹರಿಯುವ ಮುಂಚಿನ ಚಳಿಗೆ ಸ್ವೆಟರ್ ಬೇಕು. ಸಮಭಾಜಕದ ಹತ್ತಿರವಾದರೂ ಮಾರಾ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಪ್ಲಾಸ್ಟಿಕ್ ಚೀಲ ಕೆನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ನಿಷಿದ್ಧ. ಕುರುಕಲು ಕಟ್ಟಿಕೊಂಡು ಹೋಗುವವರು ಬಟ್ಟೆ ಚೀಲಕ್ಕೆ ಬದಲಾಯಿಸಬೇಕು. ಮಲೇರಿಯಾ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನಕ್ಕೂ ಮೊದಲೇ ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲಿ ಹಾಕಿಸಿಕೊಂಡು ಹಳದಿ ಪುಸ್ತಿಕೆಯನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಬೇಕು. ಅದಿಲ್ಲದೆ ಕೆನ್ಯಾ, ಉಗಾಂಡಾಗಳಿಂದ ಮರಳಿದರೆ ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಆರೋಗ್ಯಾಧಿಕಾರಿಗಳಿಗಿದೆ.